ಕೊನೆಯ ಒಂಬತ್ತು ನಿಮಿಷ

ಇದು ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ದೀಪ ಸಣ್ಣ ಮಾಡಿ… ಆರಿಸಬೇಡಿ, ಸಣ್ಣ ಮಾಡಿದರೆ ಸಾಕು.

ಆವತ್ತು ರಾತ್ರಿ ಅಕ್ಕ ಕೆಲಸ ಮುಗಿಸಿ ಒಬ್ಬಳೇ ನಡೆದು ಬರುತ್ತಿದ್ದಳು. ಅವಳ ಮನೆಗೆ ಹೋಗುವ ಓಣಿಯ ನಡುವೆ ಒಂದು ಹಳೇ ಬಾವಿ ಇದೆ. ಬಳಸುವವರಿಲ್ಲ, ಮೇಲೆ ಕಬ್ಬಿಣದ ಮುಚ್ಚಳ. ಜನ ಅಲ್ಲಿ ಬಂದಾಗ ಹೆಜ್ಜೆ ಜೋರು ಮಾಡುತ್ತಾರೆ. ಅಕ್ಕ ಮಾತ್ರ ಆವತ್ತು ಅದರ ಕಟ್ಟೆಯ ಮೇಲೆ ಕೂತುಬಿಟ್ಟಳು. ಕಿವಿಯಲ್ಲಿ ವಾಕ್‌ಮನ್ನಿನ ಹೆಡ್‌ಫೋನು. ಟೇಪು ಓಡುತ್ತಿತ್ತು.

ಅವಳ ಕೆಲಸ ಏನು ಅಂತ ಮೊದಲು ಹೇಳಬೇಕು. ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವವಳು ಅವಳು. ಹೊರಗಿನ ಸದ್ದು ನುಗ್ಗದ ಒಂದು ಪುಟ್ಟ ಕೋಣೆ ಇರುತ್ತದೆ, ಗಾಜಿನ ಕಿಟಕಿಯದು. ಬಂದವರನ್ನು ಅದರೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾಳೆ. ಸದ್ದು ಕೇಳಿಸಿದರೆ ಒತ್ತಬೇಕು. ಒತ್ತಿದರೆ ಹೊರಗೆ ಅವಳ ಮೇಜಿನ ಮೇಲೆ ಹಸಿರು ದೀಪ ಹತ್ತುತ್ತದೆ. ಒತ್ತದಿದ್ದರೆ ಇಲ್ಲ. ದೀಪಕ್ಕೆ ದಾಕ್ಷಿಣ್ಯ ಗೊತ್ತಿಲ್ಲ.

ಆ ಸಂಜೆ ಕೊನೆಗೆ ಅವಳು ಒಳಗೆ ಕೂರಿಸಿದ್ದು ಹೆತ್ತ ತಾಯಿಯನ್ನು, ನಮ್ಮ ದೊಡ್ಡಮ್ಮನನ್ನು. ಎಡಗಿವಿ ಹೋದ ವರ್ಷವೇ ಹೋಗಿತ್ತು. ಬಲಗಿವಿಗೆ ಅಕ್ಕ ಸದ್ದು ಏರಿಸಿದಳು, ಏರಿಸಿದಳು… ದೀಪ ಹತ್ತಲಿಲ್ಲ. ಗೋಡೆ ನಡುಗುವಷ್ಟು ಏರಿಸಿದ ಮೇಲೆ ಒಂದು ಸಲ ಮಿಣುಕಿತು. ಈ ಕಿವಿ ಇನ್ನೊಂದು ತಿಂಗಳು ಉಳಿದರೆ ಹೆಚ್ಚು ಅಂದರು ಡಾಕ್ಟರು. ದೊಡ್ಡಮ್ಮ ಅವರ ತುಟಿ ನೋಡಿಯೇ ತಿಳಿದುಕೊಂಡಳು. ಅಳಲಿಲ್ಲ. ಹೊರಗೆ ಬಂದು ಮಗಳ ಕೈ ಹಿಡಿದು ಇಷ್ಟೇ ಕೇಳಿದಳು.

"ಇದು ಪೂರ್ತಿ ಮುಚ್ಚೋ ಮೊದಲು ಅವರ ಕ್ಯಾಸೆಟ್ ಒಂದು ಸಲ ಹಾಕಿಬಿಡೇ."

ಅಕ್ಕ ಹೂಂ ಅಂದು ಅವಳನ್ನು ಆಟೋ ಹತ್ತಿಸಿ ಮನೆಗೆ ಕಳಿಸಿದಳು.

ದೊಡ್ಡಪ್ಪ ಸರಕು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ಕಾಗದ ಬರೆಯಲು ಸೋಮಾರಿ. ಅದಕ್ಕೇ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಒಂದು ಮಗ್ಗುಲಲ್ಲಿ ತಾವು ಮಾತಾಡಿ, ಇನ್ನೊಂದು ಮಗ್ಗುಲನ್ನು ಹೆಂಡತಿಯ ಉತ್ತರಕ್ಕೆ ಖಾಲಿ ಬಿಡುತ್ತಿದ್ದರು. ದೊಡ್ಡಮ್ಮ ಮಾತಾಡಿ ವಾಪಸ್ ಕಳಿಸಿದರೆ ಅದೇ ಕ್ಯಾಸೆಟ್ಟಿನ ಮೇಲೆ ಮತ್ತೆ ಇವರು. ಹೀಗೆ ಗಂಡ ಹೆಂಡತಿ ಹಳೇ ಮಾತನ್ನು ಅಳಿಸಿ ಅಳಿಸಿ ಸಂಸಾರ ಮಾಡಿದರು. ಕೊನೆಯದು, ಒಂದು ಹೊಸ ಕ್ಯಾಸೆಟ್, ಬಂದದ್ದು ಅವರು ತೀರಿಕೊಂಡ ಸುದ್ದಿಯ ನಾಲ್ಕು ದಿನದ ನಂತರ. ದೊಡ್ಡಮ್ಮ ಬಾಗಿಲು ಹಾಕಿಕೊಂಡು ಒಂದೇ ಸಲ ಕೇಳಿದಳು. ಯಾರೂ ಅಳಿಸಬಾರದು ಅಂತ ಅದರ ನೆತ್ತಿಯ ಎರಡೂ ಪ್ಲಾಸ್ಟಿಕ್ ಹಲ್ಲು ಮುರಿದು, ಪೆಟ್ಟಿಗೆಗೆ ಹಾಕಿದಳು. ಧೈರ್ಯ ಬಂದಾಗ ಇನ್ನೊಂದು ಸಲ ಕೇಳುತ್ತೇನೆ ಅಂದಳು. ಧೈರ್ಯ ಬರಲು ಮೂವತ್ತೆರಡು ವರ್ಷ ಹಿಡಿಯಿತು.

ಅಷ್ಟರಲ್ಲಿ ಮಕ್ಕಳು ಮಾಡಬಾರದ್ದು ಮಾಡಿಯಾಗಿತ್ತು.

ಅಕ್ಕನಿಗೆ ಆಗ ಹನ್ನೆರಡು, ಅವಳ ಅಣ್ಣನಿಗೆ ಹದಿನೈದು. ಅಪ್ಪ ಹೋಗಿ ಎರಡು ವರ್ಷ. ಆ ವರ್ಷ ಗ್ರಂಜ್ ಅನ್ನುವ ಒರಟು ರಾಕ್ ಸಂಗೀತದ ಒಂದು ಆಲ್ಬಂ ಬಂತು. ಹರಿದ ಸ್ವೆಟರಿನ ಮೂರು ಜನ, ತಲೆ ಬಾಚಿಕೊಳ್ಳದವರು. ಹಾಡು ಗೊಣಗಿದ ಹಾಗೆ ಶುರುವಾಗಿ, ನೀವು ಕಿವಿ ಹತ್ತಿರ ತಂದ ಹೊತ್ತಿಗೆ ಸರಿಯಾಗಿ ಕಪಾಳಕ್ಕೆ ಬಾರಿಸುತ್ತಿತ್ತು. ಒಂದು ವರ್ಷದೊಳಗೆ ಊರಿನ ಅರ್ಧ ಹುಡುಗರು ಕೂದಲು ಬಿಟ್ಟರು, ಉಳಿದರ್ಧದ ತಾಯಂದಿರು ಕತ್ತರಿ ಹಿಡಿದರು. ಅಕ್ಕನಿಗೆ ಅದು ಬೇರೆಯೇ ಆಗಿತ್ತು. ಅಪ್ಪ ಸತ್ತ ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಹೀಗೂ ಕೂಗಬಹುದು ಅಂತ ಅವಳಿಗೆ ಮೊದಲು ಹೇಳಿಕೊಟ್ಟದ್ದು ಆ ಆಲ್ಬಂ. ಮುಂದೆ ಅವಳು ಡ್ರಮ್ ಕಲಿತದ್ದು, ತಲೆ ಬೋಳಿಸಿದ್ದು, ಎಂಟು ವರ್ಷ ಬ್ಯಾಂಡಿನ ಜೊತೆ ವ್ಯಾನಿನಲ್ಲಿ ಊರೂರು ಅಲೆದದ್ದು, ಕೊನೆಗೆ ಕಿವಿಯೊಳಗೆ ಹಗಲೂ ರಾತ್ರಿ ಗುಂಯ್‌ಗುಟ್ಟುವ ಸದ್ದು ಹತ್ತಿಸಿಕೊಂಡು ಕಿವಿ ಡಾಕ್ಟರ ಹತ್ತಿರವೇ ಕೆಲಸಕ್ಕೆ ಸೇರಿದ್ದು… ಎಲ್ಲಕ್ಕೂ ಬೇರು ಅದೇ.

ಆಲ್ಬಮ್ಮಿನ ಸಿ.ಡಿ. ಪಕ್ಕದ ಮನೆಯವನದು, ಪ್ಲೇಯರೂ ಅವನದೇ. ಒಂದು ರಾತ್ರಿಗೆ ಮಾತ್ರ ಕೊಟ್ಟಿದ್ದ. ಖಾಲಿ ಕ್ಯಾಸೆಟ್ ಇರಲಿಲ್ಲ. ಅಪ್ಪನ ಕ್ಯಾಸೆಟ್ಟಿನ ಉತ್ತರದ ಮಗ್ಗುಲು ಖಾಲಿ ಇದೆಯಲ್ಲ, ಅಮ್ಮ ಇನ್ನು ಯಾರಿಗೆ ಉತ್ತರ ಕಳಿಸಬೇಕು ಅಂದ ಅಣ್ಣ. ಮತ್ತೆ ರೆಕಾರ್ಡ್ ಆಗಲಿ ಅಂತ ಮುರಿದ ಹಲ್ಲಿನ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರು. ಯಾವ ಮಗ್ಗುಲು ಖಾಲಿ ಅಂತ ನೋಡಲು ಹಾಕಿ ಕೇಳಿದರು. ಒಂದು ನಿಮಿಷ, ಬರೀ ಸ್ಸ್ಸ್… ಇದೇ ಖಾಲಿ ಅಂತ ರೆಕಾರ್ಡ್ ಒತ್ತಿದರು.

ದೊಡ್ಡಪ್ಪನಿಗೆ ರೆಕಾರ್ಡ್ ಗುಂಡಿ ಒತ್ತಿ ಎರಡು ನಿಮಿಷ ಸುಮ್ಮನೆ ಕೂರುವ ಅಭ್ಯಾಸ. ಏನು ಹೇಳಲಿ ಅಂತ ಯೋಚಿಸುತ್ತಿದ್ದರು. ಮಕ್ಕಳು ಅದನ್ನು ಮರೆತಿದ್ದರು.

ಅವರ ಮನೆಯಲ್ಲಿ ವೈರೂ ಇರಲಿಲ್ಲ. ಸಿ.ಡಿ. ಪ್ಲೇಯರಿನ ಎದುರು ಟೇಪ್‌ರೆಕಾರ್ಡರ್ ಇಟ್ಟು ಉಸಿರು ಬಿಗಿಹಿಡಿದು ಕೂತದ್ದು. ಎರಡನೇ ಹಾಡಿನಲ್ಲಿ ಅಣ್ಣ ಸೀನಿದ. ಐದನೇ ಹಾಡಿನ ನಟ್ಟನಡುವೆ ದೊಡ್ಡಮ್ಮ ಅಡುಗೆಮನೆಯಿಂದ "ಊಟಕ್ಕೆ ಬರ್ತೀರೋ ಇಲ್ಲಾ ಎತ್ತಿಡಲೋ" ಅಂತ ಕೂಗಿದಳು. ಇವತ್ತಿಗೂ ಎಲ್ಲೋ ಅಂಗಡಿಯಲ್ಲಿ ಆ ಹಾಡು ಬಂದರೆ, ಅಲ್ಲಿ ಊಟಕ್ಕೆ ಕರೆಯುವವರಿಲ್ಲದೆ ಅಕ್ಕನಿಗೆ ಹಾಡು ಅರೆಬರೆ ಅನ್ನಿಸುತ್ತದೆ.

ಮೂವತ್ತಾರು ನಿಮಿಷಕ್ಕೆ ಹಾಡು ಮುಗಿಯಿತು. ಟೇಪಿನಲ್ಲಿ ಒಂಬತ್ತು ನಿಮಿಷ ಉಳಿದಿತ್ತು. ಅಲ್ಲಿ ನಿಲ್ಲಿಸಿದ್ದರೆ ಅಪ್ಪನ ಕೊನೆಯ ಒಂಬತ್ತು ನಿಮಿಷವಾದರೂ ಉಳಿಯುತ್ತಿತ್ತು. ಆದರೆ ಪಕ್ಕದ ಮನೆಯವನು ಹೇಳಿದ್ದ, ಕೊನೆಯ ಹಾಡಾದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು ಆಮೇಲೊಂದು ಗುಟ್ಟಿನ ಹಾಡು ಬರುತ್ತದೆ ಅಂತ. ಓಡಲಿ ಬಿಡು ಅಂತ ಇಬ್ಬರೂ ಬಾಗಿಲು ಮುಂದೆ ಮಾಡಿ ಊಟಕ್ಕೆ ಹೋದರು. ಖಾಲಿ ಕೋಣೆಯ ಮೌನ ಅಪ್ಪನ ಮೇಲೆ ರೆಕಾರ್ಡ್ ಆಯಿತು. ಗುಟ್ಟಿನ ಹಾಡು ಬರಲು ಒಂದು ನಿಮಿಷ ಇರುವಾಗ ಟೇಪು ಮುಗಿಯಿತು.

ಮಗುಚಿ ಹಾಕಿದಾಗ ಗೊತ್ತಾಯಿತು. ಆ ಮಗ್ಗುಲು ಖಾಲಿ.

ಅಮ್ಮನಿಗೆ ಹೇಳಲಿಲ್ಲ. ಪೆಟ್ಟಿಗೆಯಲ್ಲಿ ಬೇರೊಂದು ಕ್ಯಾಸೆಟ್ ಇಟ್ಟರು. ಇದನ್ನು ಅಕ್ಕ ಇಟ್ಟುಕೊಂಡಳು. ಸಾವಿರ ಸಲ ಕೇಳಿದ್ದಾಳೆ. ಆದರೆ ಕೊನೆಯ ಹಾಡು ಮುಗಿದ ತಕ್ಷಣ ಬೆರಳು ತಾನಾಗಿ ಸ್ಟಾಪ್ ಒತ್ತುತ್ತಿತ್ತು. ಮುಂದಿನ ಒಂಬತ್ತು ನಿಮಿಷ ಒಮ್ಮೆಯೂ ಕೇಳಿಲ್ಲ. ಕೊಂದ ಜಾಗಕ್ಕೆ ಯಾರು ಹೋಗುತ್ತಾರೆ?

ಆ ರಾತ್ರಿ ಬಾವಿಕಟ್ಟೆಯ ಮೇಲೆ ಮೊದಲ ಸಲ ಸ್ಟಾಪ್ ಒತ್ತಲಿಲ್ಲ. ಒಂದು ಚೂರು ಅಪ್ಪ ಎಲ್ಲಾದರೂ ಉಳಿದಿದ್ದರೆ…

ಸ್ಸ್ಸ್… ಗೋಡೆ ಗಡಿಯಾರ, ಟಿಕ್ ಟಿಕ್. ದೂರದಲ್ಲಿ ತಟ್ಟೆ ಇಟ್ಟ ಸದ್ದು. ಅಣ್ಣನ ನಗು. ಅಡುಗೆಮನೆಯಲ್ಲಿ ಮೂರೂ ಜನ ಉಣ್ಣುತ್ತಿದ್ದಾರೆ.

ಆಮೇಲೆ… ಚಿಲಕ. ಟಳಕ್.

ಹೆಜ್ಜೆ. ಮೆತ್ತಗಲ್ಲ, ದಣಿದ ಹೆಜ್ಜೆ. ಎರಡು, ಮೂರು, ನಾಲ್ಕು. ಕುರ್ಚಿ ಕಿರ್ರ್ ಅಂತು. ಭಾರವಾದ ಆಳೊಬ್ಬ ಕೂತ ಹಾಗೆ. ಒಂದು ಉಸಿರು… ಗಂಟಲು ಸರಿಮಾಡಿಕೊಂಡ ಸದ್ದು.

ಅಕ್ಕ ಹೆಡ್‌ಫೋನ್ ಕಿತ್ತಳು. ಓಣಿಯಲ್ಲಿ ನರಪಿಳ್ಳೆ ಇಲ್ಲ. ಫೋನ್ ತೆಗೆದಳು.

"ಅಣ್ಣಾ…" ಪಿಸುದನಿ. "ಆ ರಾತ್ರಿ ನಾವು ಮೂರೂ ಜನ ಒಳಗೇ ಇದ್ವಲ್ಲಾ?"

"ಯಾವ ರಾತ್ರಿನೇ? ಎಲ್ಲಿದ್ದೀಯ?"

"ಬಾವಿ ಹತ್ರ."

"ಅಲ್ಲೇನು ಮಾಡ್ತಿದ್ದೀಯ ಮಾರಾಯ್ತಿ? ಬಂದೆ ಇರು."

ಅವಳ ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲ ಗುಂಡಿಯಲ್ಲಿ ಹಗ್ಗ ಹಿಡಿದು ನಿಲ್ಲುವವನು, ದೆವ್ವಕ್ಕೆ ಹೆದರುವ ಪೈಕಿಯಲ್ಲ. ಬಂದ, ಗಂಟಲಿನ ಸದ್ದಿನವರೆಗೆ ಕೇಳಿದ. ಮುಖ ಬಿಳಿಚಿಕೊಂಡರೂ ಬಾಯಿ ಸೋಲಲಿಲ್ಲ.

"ಬೆಕ್ಕಿರಬೇಕು."

"ಬೆಕ್ಕು ಗಂಟಲು ಸರಿಮಾಡ್ಕೊಳ್ಳುತ್ತಾ?"

"ನೀನು ಹಾಡೋದು ಕೇಳಿದ್ರೆ ಕೆಮ್ಮೋದೇನು, ಊರೇ ಬಿಡುತ್ತೆ." ಆಮೇಲೆ ಹೇಳಿದ, "ನೋಡು… ನನ್ನ ದನಿ ಅಪ್ಪಂದೇ ಅಂತಾರೆ ಎಲ್ಲ. ನಾನೇ ನಾಲ್ಕು ಮಾತು ಆಡ್ತೀನಿ. ಅಮ್ಮನಿಗೆ ಈಗ ಎಷ್ಟು ಕೇಳಿಸುತ್ತೆ ಮಹಾ?"

ಅಲ್ಲೇ ಆಡಿಯೂ ತೋರಿಸಿದ. "ಹಲೋ… ಕೇಳಿಸ್ತಿದೆಯಾ? ಊಟ ಆಯ್ತಾ ಎಲ್ಲಾರ್ದು?" ದೊಡ್ಡಪ್ಪ ಯಾವಾಗಲೂ ಹಾಗೇ ಶುರುಮಾಡುತ್ತಿದ್ದರು. ಎಷ್ಟು ಹಾಗೇ ಇತ್ತೆಂದರೆ ಇಬ್ಬರಿಗೂ ಮೈ ಜುಂ ಅಂತು. ಅಣ್ಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಬೇಡ," ಅಂದಳು ಅಕ್ಕ. "ಒಂದು ಸಲ ಅಳಿಸಿದ್ದೀವಿ. ಸಾಕು."

ಮರುದಿನ ಕ್ಲಿನಿಕ್ ಮುಚ್ಚಿದ ಮೇಲೆ ದೊಡ್ಡಮ್ಮನನ್ನು ಕರೆದುಕೊಂಡು ಹೋದರು. ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಅಭ್ಯಾಸಬಲದಿಂದ ಕೈಗೆ ಗುಂಡಿಯನ್ನೂ ಕೊಟ್ಟಳು ಅಕ್ಕ. ಹೊರಗೆ ಬಂದು ಮೈಕು ಹಿಡಿದಳು. ಯಂತ್ರದ ಸದ್ದನ್ನು ಕೊನೆಯ ಗೆರೆವರೆಗೂ ಏರಿಸಿದಳು.

"ಅಮ್ಮಾ. ಅದರ ಮೇಲೆ ನಾವು ಹಾಡು ಹಾಕಿಬಿಟ್ವಿ. ಚಿಕ್ಕವರಿದ್ದಾಗ. ಅಪ್ಪ ಅದರಲ್ಲಿಲ್ಲ."

ಗಾಜಿನಾಚೆ ದೊಡ್ಡಮ್ಮ ಕದಲಲಿಲ್ಲ. ಕೇಳಿಸಿತೋ ಇಲ್ಲವೋ… ಹಸಿರು ದೀಪ ಹತ್ತಿತು. ಕೇಳಿಸಿತ್ತು. ಅವಳ ಮುಖ ನೋಡಲಾಗದೆ ಅಣ್ಣ ಗೋಡೆಯ ಕಡೆ ತಿರುಗಿದ.

ಒಳಗಿನಿಂದ ದನಿ ಬಂತು. ಕಿವಿ ಕೇಳದವಳಾದರೂ ದನಿ ತೀರಾ ಮೆತ್ತಗೆ.

"ಹಾಕು. ಏನುಳಿದಿದೆಯೋ ಅದನ್ನೇ ಹಾಕು."

ಆ ಒಂಬತ್ತು ನಿಮಿಷದ ಶುರುವಿನಿಂದ ಹಾಕಿದಳು. ಹೊರಗಿನ ಚಿಕ್ಕ ಸ್ಪೀಕರಿನಲ್ಲಿ ಇಬ್ಬರೂ ಕೇಳುತ್ತಿದ್ದರು. ಗಡಿಯಾರ. ತಟ್ಟೆ. ಚಿಲಕ, ಟಳಕ್. ಹೆಜ್ಜೆ. ಕುರ್ಚಿ. ಗಂಟಲು… ದೀಪ ಹತ್ತಲಿಲ್ಲ. ಇಷ್ಟು ಸಣ್ಣ ಸದ್ದು ಆ ಕಿವಿಗೆ ದಾಟುವ ಮಾತೇ ಇಲ್ಲ ಅಂತ ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಸ್ಪೀಕರಿನಲ್ಲಿ ಏನೂ ಇಲ್ಲ. ಬರೀ ಸ್ಸ್ಸ್… ಒಂದು ನಿಮಿಷ. ಎರಡು ನಿಮಿಷ.

ದೀಪ ಹತ್ತಿತು.

ಆರಿತು. ಮತ್ತೆ ಹತ್ತಿತು. ಮಾತಿಗೆ ಮಾತು ಸೇರಿಸುವವರ ಹಾಗೆ, ತುಸು ತಡೆದು, ಮತ್ತೆ. ದೊಡ್ಡಮ್ಮ ತಲೆ ಬಗ್ಗಿಸಿ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಹೂಂ… ಹೂಂ… ಒಮ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನಿಂಗೇನಾದ್ರೂ ಕೇಳಿಸ್ತಿದೆಯಾ?" ಅಣ್ಣನ ಪಿಸುಮಾತು.

"ಇಲ್ಲ."

"ನಂಗೂ ಇಲ್ಲ ಕಣೇ…"

ಸ್ಪೀಕರಿನಲ್ಲಿ ಕುರ್ಚಿ ಮತ್ತೆ ಕಿರ್ರ್ ಅಂತು. ಹೆಜ್ಜೆ. ಚಿಲಕ. ದೀಪ ಆರಿತು. ದೊಡ್ಡಮ್ಮ ತಾನೇ ಹೆಡ್‌ಫೋನ್ ತೆಗೆದು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಇಬ್ಬರನ್ನೂ ನೋಡಿದಳು, ಬೈಯಲಿಲ್ಲ.

"ಮೊದಲು ಸ್ವಲ್ಪ ಹೊತ್ತು ಸುಮ್ನಿದ್ರು," ಅಂದಳು. "ಯಾವಾಗ್ಲೂ ಹಾಗೇ."

"ಅಮ್ಮಾ… ಏನಂದ್ರು ಅಪ್ಪ?" ಅಕ್ಕ ತುಟಿ ಬಿಡಿಸಿ ಬಿಡಿಸಿ ಕೇಳಿದಳು.

"ನನಗೆ ಹೇಳಿದ್ದು ನಿಮಗ್ಯಾಕೆ?"

ಅಷ್ಟೇ. ಇಂದಿನವರೆಗೂ ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಿಲ್ಲ. ಮೂರು ವಾರಕ್ಕೆ ಬಲಗಿವಿಯೂ ಮುಚ್ಚಿತು.

ಆದರೆ ಆ ರಾತ್ರಿ ದೊಡ್ಡಮ್ಮ ಚಪ್ಪಲಿ ಹುಡುಕುತ್ತಿದ್ದಾಗ ಟೇಪು ಇನ್ನೂ ಓಡುತ್ತಿತ್ತು. ಮುಗಿಯಲು ಅರ್ಧ ನಿಮಿಷ ಇತ್ತೇನೋ. ನಿಲ್ಲಿಸಲು ಅಕ್ಕ ಕೈ ಚಾಚಿದಳು. ಸ್ಪೀಕರಿನಲ್ಲಿ ಬಾಗಿಲು ದಡಾರನೆ ತೆರೆಯಿತು. ಊಟ ಮುಗಿಸಿ ಓಡಿ ಬಂದ ಎರಡು ಜೊತೆ ಬರಿಗಾಲು. ಹನ್ನೆರಡು ವರ್ಷದ ಹುಡುಗಿಯ ದನಿ, ಅಕ್ಕನದೇ. ಆ ಮಾತು ಆಡಿದ ನೆನಪು ಅವಳಿಗೂ ಇಲ್ಲ, ಕೇಳಿದ ನೆನಪು ಅವಳ ಅಣ್ಣನಿಗೂ ಇಲ್ಲ.

"ಅಣ್ಣಾ, ಇಲ್ಲಿ ಯಾರು ಕೂತಿದ್ರು? ಕುರ್ಚಿ ಬೆಚ್ಚಗಿದೆ."

"ಶ್… ರೆಕಾರ್ಡ್ ಆಗ್ತಿದೆ ಕಣೇ."

ಟಕ್.

ಕತೆ ಕಟ್ಟುವುದಿದ್ದರೆ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದೆ. ಇದು ನಡೆದದ್ದು. ಆ ಕ್ಯಾಸೆಟ್ ನಾನೂ ಕೇಳಿದ್ದೇನೆ.