ರಾಜರ ಎಡಗಿವಿ

ಬೀಗ ರಿಪೇರಿಯವನ ಕಿವಿ ಇರುವೆ ಕೆಮ್ಮಿದರೂ ಕೇಳುವಂಥದ್ದು. ಅಂದು ಮ್ಯೂಸಿಯಂ ಕಚೇರಿಯ ಬೆಂಚಿನಲ್ಲಿ ಅವನ ಪಕ್ಕದಲ್ಲೇ ಒಬ್ಬ ಅಜ್ಜಿ, ಆನೆಯೂ ಎತ್ತಲಾರದ ಕಂಚಿನ ರಾಜರ ತಲೆಯೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜೊತೆಯಲ್ಲಿ ಅಳಿಯ.

“ಕೊಟ್ಟುಬಿಡಿ ಅತ್ತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾವನ ಹೆಸರೂ ಹಾಕ್ತಾರಂತೆ.”

“ಕೊಡೋಕೇ ಬಂದಿದ್ದೆ. ಈಗ ತಲೆ ನೋಡಿದ ಮ್ಯೂಸಿಯಂನೋರು ಈ ಎಡಗಿವಿ ಸರಿಮಾಡ್ತೀವಿ ಅಂದ್ರಲ್ಲ, ಅಲ್ಲಿಗೆ ಮುಗೀತು.”

“ಕಿವಿ ತುದಿ ಹರಿದಿದೆಯಲ್ಲ ಅತ್ತೆ, ಜನ ಏನಂತಾರೆ?”

“ಅದನ್ನ ಹರಿದಿದ್ದೇ ನಿಮ್ಮ ಮಾವ! ರಾಜರಿಗೆ ಕ್ಷೌರ ಮಾಡ್ತಾ ಸೀನು ಬಂತು, ಕತ್ತಿ ಜಾರ್ತು. ಇವರ ಕಥೆ ಮುಗೀತು ಅಂತ ಅರಮನೆಯೋರೆಲ್ಲ ಅಂದ್ಕೊಂಡ್ರು.”

“ರಾಜರೇನಂದ್ರು?”

“ನಕ್ಕುಬಿಟ್ರು. ಶಿಲ್ಪಿಗೆ ಹೇಳಿ ಈ ಕಿವೀನ ಹಾಗೇ ಮಾಡಿಸಿದ್ರು. ‘ನನ್ನ ರಕ್ತ ಹರಿಸಿ ಬದುಕಿದೋನು ನೀನೊಬ್ಬನೇ ಕಣೋ, ಇಟ್ಕೋ’ ಅಂತ ಕೈಯಾರೆ ಕೊಟ್ರು.”

“ಇಲ್ಲಿ ದೊಡ್ಡ ಸಾಹೇಬರು ಬೇಜಾರು ಮಾಡ್ಕೋತಾರೆ.”

“ಮಾಡ್ಕೊಳ್ಳಲಿ ಬಿಡಿ. ರಾಜರೇ ಮುಚ್ಚಿಡದ ಗಾಯ ಮುಚ್ಚೋಕೆ ಇವರ್ಯಾರು?”

ಅಷ್ಟರಲ್ಲಿ ಗುಮಾಸ್ತ ಒಳಗಿನಿಂದ, ಸೂರಿನ ಹೆಂಚು ಹಾರುವಂತೆ ಕೂಗಿದ: “ರಾಜರ ತಲೆ ತಂದೋರು ಬನ್ನಿ!”

“ತಂದೋರು ವಾಪಸ್ ತಗೊಂಡು ಹೊರಟ್ರು!” ಎಂದು ಅಜ್ಜಿ ಅವನಿಗಿಂತ ಜೋರಾಗಿ ಕೂಗಿ ಎದ್ದಳು. ಬೀಗದವನ ಚೀಲದಲ್ಲಿದ್ದ ಬೀಗಗಳೆಲ್ಲ ತಾವೇ ತೆರೆದುಕೊಂಡವು.

ಬಾಗಿಲ ಬಳಿ ತಲೆಯನ್ನು ಅಳಿಯನ ತೋಳಿಗೆ ದಾಟಿಸುತ್ತ ಅವಳೆಂದಳು:

“ಹುಷಾರಾಗಿ ಹಿಡ್ಕೊಳ್ಳಿ. ತಲೆ ರಾಜರದ್ದಿರಬಹುದು, ಆ ಕಿವಿ ನಿಮ್ಮ ಮಾವಂದು.”