ಹನ್ನೊಂದನೆಯ ಸಹಿ

ಸ್ಪಿರಿಟ್ಟಿನ ವಾಸನೆ ಬಂದರೆ ಸಾಕು, ಅಜ್ಜಿಗೆ ತಾವು ಚಿಕ್ಕಂದಿನಲ್ಲಿ ಕೂತಿರುತ್ತಿದ್ದ ಅಪ್ಪನ ಔಷಧದಂಗಡಿ ನೆನಪಾಗುತ್ತಿತ್ತು. ಅಂದು ವೈದ್ಯರ ಸಂಘದ ಕಟ್ಟಡದಲ್ಲಿ, ಉಚಿತ ಶಿಬಿರದಲ್ಲಿ ಕಣ್ಣಿನ ತಪಾಸಣೆಗೆ ಕಾಯುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಒಬ್ಬ ಹಿರಿಯ ಡಾಕ್ಟರು ಸಂಘದ ಕಾರ್ಯದರ್ಶಿಗೆ ಪಿಸುಗುಟ್ಟುತ್ತಿದ್ದರು.

“ಸಭೆಯ ತೀರ್ಮಾನ ನಿಲ್ಲೋಕೆ ಹನ್ನೊಂದು ಜನ ಬೇಕಿತ್ತು, ಹತ್ತೇ ಜನ ಬಂದಿದ್ರು, ನಾನು ಬಂದಿರ್ಲಿಲ್ಲ. ಮಾರನೇ ದಿನ ನೀನು ಹಾಜರಿ ಪುಸ್ತಕ ಮನೆಗೆ ತಂದೆ, ನಾನು ಕಣ್ಮುಚ್ಕೊಂಡು ಸಹಿ ಹಾಕಿದೆ.”

“ಎಲ್ಲಾ ಸಂಘದಲ್ಲೂ ನಡೆಯೋದೇ ಬಿಡಿ ಸಾರ್.”

“ಆ ಒಂದು ಸಹಿಯಿಂದ ಆ ಡಾಕ್ಟರ್ ಹುಡುಗಿ ಸದಸ್ಯತ್ವ ಹೋಯ್ತಲ್ಲಯ್ಯ!”

“ಅಧ್ಯಕ್ಷರ ಮೇಲೇ ದೂರು ಕೊಟ್ರೆ ಇನ್ನೇನಾಗತ್ತೆ? ಇವತ್ತು ಅವಳ ಮೇಲ್ಮನವೀನೂ ಬಿದ್ಹೋಗತ್ತೆ. ನೀವು ಸುಮ್ನಿರಿ.”

“ನಾನು ನಿಜ ಹೇಳಿಬಿಟ್ರೆ?”

“ನಿಮ್ಮ ಉಪಾಧ್ಯಕ್ಷಗಿರಿಗೂ ಎಳ್ಳುನೀರು.”

“ಆಪರೇಷನ್‌ಗೆ ಮುಂಚೆ ಪ್ರತಿ ರೋಗಿಗೂ ‘ಓದಿ ಸಹಿ ಹಾಕಿ’ ಅಂತ ಮೂವತ್ತು ವರ್ಷ ಹೇಳಿದವನು ಕಣಯ್ಯ ನಾನು.”

“ಮೊದಲು ಡಬ್ಬಿ ಬಿಚ್ಚಿ ಊಟ ಮಾಡಿ ಸಾರ್, ತಲೆ ತಣ್ಣಗಾಗತ್ತೆ.”

“ಈಗ ಊಟ ಬೇಡ ಕಣಯ್ಯ.”

ಹಿರಿಯರು ಎದ್ದು ಕಾರ್ಯದರ್ಶಿಯ ಪಕ್ಕದಲ್ಲಿದ್ದ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. ಅಜ್ಜಿ ತಿರುಗಿ ನೋಡಿದರು. ಸಭೆಯ ಕೋಣೆಯ ಬಾಗಿಲಲ್ಲಿ ಬೆಳಗಿನಿಂದ ಮೇಲ್ಮನವಿ ಹಿಡಿದು ಒಬ್ಬಳೇ ಕೂತಿದ್ದ ಯುವ ವೈದ್ಯೆಯ ಮುಂದೆ ಅವರು ನಿಂತರು. ಒಳಗೆ ಹೋಗುವ ಮುನ್ನ ತಮ್ಮ ಊಟದ ಡಬ್ಬಿಯನ್ನು ಅವಳ ಕೈಗಿಟ್ಟರು.