ಜೂನ್ ಒಂದರ ಬಾಳೆಹಣ್ಣು

ದಾನದ ವಿಷಯ ಎತ್ತಿದ ಕೂಡಲೇ ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು ಚಪ್ಪಲಿ ಹುಡುಕುತ್ತಿದ್ದಾರೆ, ನೋಡಿ. ಕೂತುಕೊಳ್ಳಿ, ಕೂತುಕೊಳ್ಳಿ. ಇವತ್ತು ತಟ್ಟೆ ಬರುವುದಿಲ್ಲ. ಕಥೆ ಮಾತ್ರ. ಒಬ್ಬ ಸಾಹುಕಾರನ ಕಥೆ. ಯಾವ ಊರು ಎಂದು ಕೇಳಬೇಡಿ, ಹೇಳಿದರೆ ನಾಳೆಯೇ ಬಸ್ಸು ಹತ್ತಿ ನೋಡಿಕೊಂಡು ಬರುವ ಜನ ನೀವು. ಸಾಹುಕಾರನ ಹೆಸರನ್ನೂ ಕೇಳಬೇಡಿ. ಹೆಸರಿನ ಹುಚ್ಚು ಹಿಡಿದವನ ಕಥೆಯನ್ನು ಹೆಸರಿಟ್ಟು ಹೇಳಿದರೆ ಔಷಧಿ ಬದಲು ಕಾಯಿಲೆಯನ್ನೇ ಕೊಟ್ಟಂತಾಗುತ್ತದೆ.

ಸಾಹುಕಾರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜಿಪುಣನೂ ಅಲ್ಲ. ಕೈಬಿಚ್ಚಿ ಕೊಡುತ್ತಿದ್ದ. ಆದರೆ ಕೊಡುವಾಗ ಅವನ ಕಣ್ಣು ತೆಗೆದುಕೊಳ್ಳುವವನ ಮೇಲೆ ಇರುತ್ತಿರಲಿಲ್ಲ, ಕ್ಯಾಮೆರಾ ಮೇಲೆ ಇರುತ್ತಿತ್ತು. ಪ್ರತಿ ವರ್ಷ ಜೂನ್ ಒಂದನೇ ತಾರೀಖು ಅವನ ಹುಟ್ಟುಹಬ್ಬ. ಅಂದು ತಾಲ್ಲೂಕು ಆಸ್ಪತ್ರೆಯ ರೋಗಿಗಳಿಗೆ ಬಾಳೆಹಣ್ಣು ಮತ್ತು ಬ್ರೆಡ್ ವಿತರಣೆ. ಈ ಫೋಟೋ ನೀವೆಲ್ಲ ಪೇಪರಿನಲ್ಲಿ ನೋಡಿದ್ದೀರಿ. ಹಾಸಿಗೆಯ ಮೇಲೆ ಒಬ್ಬ ರೋಗಿ, ಅವನ ಕೈಯಲ್ಲಿ ಒಂದು ಬಾಳೆಹಣ್ಣು, ಆ ಒಂದು ಹಣ್ಣನ್ನು ಹಿಡಿದುಕೊಂಡ ಹತ್ತು ಕೈ! ಕೊಡುತ್ತಿದ್ದಾರೋ ಕಿತ್ತುಕೊಳ್ಳುತ್ತಿದ್ದಾರೋ ಗೊತ್ತಾಗುವುದೇ ಇಲ್ಲ.

ಇನ್ನೊಂದು ಸಂಗತಿ. ಆ ಊರಿನಲ್ಲಿ ಜೂನ್ ಒಂದರಂದು ಹುಟ್ಟಿದವನು ಇವನೊಬ್ಬನೇ ಅಲ್ಲ. ಊರಿಗೆ ಊರೇ ಅವತ್ತೇ ಹುಟ್ಟಿತ್ತು. ಅದು ಹೇಗೆ ಅಂದಿರಾ? ಐವತ್ತು ವರ್ಷದ ಹಿಂದೆ ಶಾಲೆಗೆ ಸೇರಿಸಲು ಬಂದ ಅಪ್ಪಂದಿರನ್ನು ಹೆಡ್‌ಮೇಷ್ಟ್ರು, "ಮಗು ಯಾವತ್ತು ಹುಟ್ಟಿದ್ದು?" ಎಂದು ಕೇಳುತ್ತಿದ್ದರು. "ರಾಗಿ ಕೊಯ್ಲಿನ ಟೈಮು ಸ್ವಾಮಿ." "ನಮ್ಮ ಕೆಂಪಿ ಹಸು ಕರು ಹಾಕಿದ ವಾರ." ಮೇಷ್ಟ್ರು ಇದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಲಾದೀತೇ? ಎಲ್ಲರಿಗೂ ಜೂನ್ ಒಂದು ಎಂದು ಗೀಚಿ ಕೈತೊಳೆದುಕೊಂಡರು. ಇಲ್ಲಿ ಕೂತವರಲ್ಲಿ ಎಷ್ಟು ಜನ ಜೂನ್ ಒಂದು? ಕೈ ಎತ್ತಿ ನೋಡೋಣ. ಅಯ್ಯಯ್ಯೋ, ಸಾಕು, ಇಳಿಸಿ.

ಈಗ ಆ ಆಸ್ಪತ್ರೆಯ ಗತಿ ಯೋಚಿಸಿ. ರೈಸ್‌ಮಿಲ್ಲಿನ ಓಂಕಾರಪ್ಪ, ಜೂನ್ ಒಂದು. ಕ್ಲಬ್ಬಿನ ಅಧ್ಯಕ್ಷ, ಜೂನ್ ಒಂದು. ಬಂಗಾರದ ಅಂಗಡಿಯವನು, ಲಾರಿ ಮಾಲೀಕ, ಇಬ್ಬರು ಮಾಜಿ ಪುರಸಭಾ ಸದಸ್ಯರು, ಎಲ್ಲರೂ ಜೂನ್ ಒಂದು. ಮುನ್ನೂರ ಅರವತ್ತನಾಲ್ಕು ದಿನ ಯಾರೂ ತಿರುಗಿ ನೋಡದ ಆಸ್ಪತ್ರೆಗೆ ಆ ಒಂದು ದಿನ ಗೊನೆಗೊನೆ ಬಾಳೆಹಣ್ಣು ಬಂದು ಬೀಳುತ್ತಿತ್ತು.

ಆ ಊರಿನಲ್ಲಿ ಇಂದುಬಾಯಿ ಎಂಬ ತಾಯಿ ಇದ್ದರು. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅವರೂ ಇನ್ನು ನಾಲ್ಕು ಜನರೂ ಸೇರಿ ಊರನಿಧಿ ಎಂದು ಒಂದು ಮಾಡಿಕೊಂಡಿದ್ದರು. ಊರಿನವರು ತಮ್ಮ ಕೈಲಾದಷ್ಟು ಅದಕ್ಕೆ ಹಾಕುವುದು, ಐದು ಜನ ಬೀದಿಬೀದಿ ತಿರುಗಿ ಯಾರಿಗೆ ಏನು ಬೇಕು ಎಂದು ಅವರನ್ನೇ ಕೇಳುವುದು, ಕೇಳಿದ್ದನ್ನು ಮಾಡಿಸುವುದು. ಕೊಟ್ಟವರ ಹೆಸರು ಎಲ್ಲೂ ಬರೆಯುವಂತಿಲ್ಲ. ಇಷ್ಟೇ ಅದರ ನಿಯಮ.

ಮೇ ತಿಂಗಳಲ್ಲಿ ಈ ತಾಯಿ ಸಾಹುಕಾರನ ಮನೆಗೆ ಹೋದರು.

"ಸಾವ್ಕಾರ್ರೇ, ಗಂಡಸರ ವಾರ್ಡಿನ ಒಳಗೇ ಒಂದು ಕಕ್ಕಸು ಕಟ್ಟಿಸ್ಬೇಕು ಅಂತಿದೀವಿ. ಕೂರೋ ತರದ್ದು, ಪಕ್ಕದಲ್ಲಿ ಹಿಡಿಕೆ ಇರೋದು. ಈಗಿರೋದು ಹಿತ್ತಲಲ್ಲಿ, ಮೂರು ಮೆಟ್ಟಿಲು ಇಳಿದು ಹೋಗ್ಬೇಕು. ನಿಧಿಗೆ ನೀವೂ ಏನಾದ್ರೂ ಹಾಕಿ."

ಸಾಹುಕಾರ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಕಕ್ಕಸಾ? ಏನಮ್ಮಾ, ಕಕ್ಕಸಿನ ಬಾಗಿಲ ಮೇಲೆ ನಮ್ಮಪ್ಪನ ಹೆಸರು ಬರೆಸಲಾ?"

"ಹೆಸರು ಬರೆಯೋದೇ ಇಲ್ಲ ಸಾವ್ಕಾರ್ರೇ."

"ಹಾಗಾದ್ರೆ ಇನ್ನೂ ಕಷ್ಟ," ಎಂದ ಸಾಹುಕಾರ. "ಹಣ್ಣು ಕೊಡ್ತೀನಲ್ಲ, ಅದೇ ಸಾಕು. ರೋಗಿಗಳು ಬಾಯ್ತುಂಬಾ ಹರಸ್ತಾರೆ."

ಹರಸುತ್ತಾರೆ ಎಂದು ಇವನಿಗೆ ಹೇಳಿದವರು ಯಾರು? ಯಾರೂ ಇಲ್ಲ. ಇವನು ಕೇಳಿಯೂ ಇರಲಿಲ್ಲ.

ಜೂನ್ ಒಂದು ಬಂತು. ಬೆಳಗ್ಗೆ ಹತ್ತು ಗಂಟೆಗೆ ಸಾಹುಕಾರ ರೇಷ್ಮೆ ಪಂಚೆ ಉಟ್ಟು, ಹಾರ ಹಾಕಿಸಿಕೊಂಡು ಆಸ್ಪತ್ರೆಯ ಜಗಲಿಯ ಮೇಲೆ ನಿಂತ. ಹಿಂದೆ ಅವನ ಮುಖ ಇರುವ ಬ್ಯಾನರ್. ಮುಂದೆ ಫೋಟೋದವನು.

"ಸಾರ್, ಬ್ಯಾನರ್ ಪೂರ್ತಿ ಬರ್ತಿಲ್ಲ. ಒಂದು ಸ್ವಲ್ಪ ಪಕ್ಕಕ್ಕೆ. ಹಾಂ, ಇನ್ನೊಂದು ಹೆಜ್ಜೆ. ಸಾರ್ ನಗಿ. ಇನ್ನೊಂದೇ ಒಂದು ಹೆಜ್ಜೆ..."

ಸಾಹುಕಾರ ನಗುತ್ತಲೇ ಇನ್ನೊಂದು ಹೆಜ್ಜೆ ಇಟ್ಟ. ಅಲ್ಲಿ ಜಗಲಿ ಇರಲಿಲ್ಲ.

ಕೆಳಗಿನ ಚರಂಡಿಯ ಕಟ್ಟೆಯ ಮೇಲೆ ಬಿದ್ದ. ಬಲಗಾಲಿನ ಮೂಳೆ ಮುರಿಯಿತು. ನಗಬೇಡಿ ತಾಯಂದಿರೇ, ಪಾಪ, ನೋವು ನೋವೇ. ಡಾಕ್ಟರು ಬಂದು ಮೂಳೆ ಕೂಡಿಸಿ, ಮೊಣಕಾಲು ದಾಟಿ ಪ್ಲಾಸ್ಟರ್ ಹಾಕಿದರು. "ಹಸಿ ಪ್ಲಾಸ್ಟರು. ನಾಳೆ ಬೆಳಗ್ಗೆವರೆಗೂ ಕಾಲು ನೆಲಕ್ಕೆ ಊರೋ ಹಾಗಿಲ್ಲ. ಇಲ್ಲೇ ಇರಿ," ಎಂದರು. ಡ್ರೈವರು ಸಾಹುಕಾರನ ಹೆಂಡತಿಯನ್ನು ತವರಿನಿಂದ ಕರೆತರಲು ಕಾರು ತೆಗೆದುಕೊಂಡು ಹೋದ. ಜೊತೆಯಲ್ಲಿ ಬಂದ ಹಿಂಬಾಲಕರೋ? ಅವರಿಗೆ ಹನ್ನೊಂದು ಗಂಟೆಗೆ ಲಾರಿ ಮಾಲೀಕನ ಹುಟ್ಟುಹಬ್ಬ ಇತ್ತು, ತಂದ ಹಣ್ಣನ್ನು ಹಾಸಿಗೆಗಳ ಮೇಲೆ ಹಾಕಿ ಹೊರಟುಹೋದರು. ಹಾಗೆ ನಮ್ಮ ಸಾಹುಕಾರ, ಹದಿನೈದು ವರ್ಷ ಹಣ್ಣು ಹಂಚಿದ ವಾರ್ಡಿನಲ್ಲಿ, ಮೊದಲ ಸಲ ಮಲಗಿದ.

ಪಕ್ಕದ ಹಾಸಿಗೆಯಲ್ಲಿ ಕಂಬಳಿ ನೇಯುವ ಬೀರಲಿಂಗಯ್ಯ. ಎಪ್ಪತ್ತು ದಾಟಿದ ಮುದುಕ, ಕಾಲಿನಲ್ಲಿ ವಾಸಿಯಾಗದ ಹುಣ್ಣು. ಮಧ್ಯಾಹ್ನದ ಹೊತ್ತಿಗೆ ಅವನ ಮಂಚದ ಮೇಲೆ, ಕಿಟಕಿಯಲ್ಲಿ, ದಿಂಬಿನ ಪಕ್ಕ, ಎಲ್ಲೆಲ್ಲೂ ಬಾಳೆಹಣ್ಣು. ಅವನು ಒಂದನ್ನೂ ಮುಟ್ಟಿರಲಿಲ್ಲ. ಸಾಹುಕಾರನಿಗೆ ಕಾಲು ನೋವಿಗಿಂತ ಇದು ಹೆಚ್ಚು ನೋವಾಯಿತು.

"ಯಾಕೆ ಅಜ್ಜ, ನಾನು ಕೊಟ್ಟ ಹಣ್ಣು ಚೆನ್ನಾಗಿಲ್ವಾ?"

"ಚೆಂದಾಗೈತೆ ಸ್ವಾಮಿ. ಒಳ್ಳೇ ಏಲಕ್ಕಿ ಬಾಳೆ."

"ಮತ್ತೆ ತಿನ್ನು."

ಮುದುಕ ಸಂಕೋಚದಿಂದ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ತಿಂದ್ರೆ ಹೋಗ್ಬೇಕಾಯ್ತದಲ್ಲ ಸ್ವಾಮಿ. ಹಿತ್ತಲಿಗೆ ಹೋಗಿ ಮೂರು ಮೆಟ್ಲು ಇಳಿದು, ಕುಂತ್ರೆ ಏಳಕ್ಕಾಗಲ್ಲ. ಹೋದ್ವಾರ ಅಲ್ಲೇ ಬಿದ್ದೆ. ಅದಕ್ಕೆ ಒಂದೊತ್ತು ಗಂಜಿ ಕುಡಿದು ಸುಮ್ಕಿರ್ತೀನಿ. ನೀರೂ ಕಮ್ಮಿ. ಇಲ್ಲಿ ಎಲ್ರೂ ಹಂಗೇಯ."

ನೋಡಿ, ಈ ಮಾತನ್ನು ಸ್ವಲ್ಪ ತಡೆದು ಕೇಳಿ. ಹದಿನೈದು ವರ್ಷ ಹಣ್ಣು ಕೊಟ್ಟಿದ್ದಾನೆ. ಆ ವಾರ್ಡಿನ ಜನ ಹದಿನೈದು ವರ್ಷದಿಂದ ಹಸಿದುಕೊಂಡಿದ್ದಾರೆ. ತಿನ್ನಲು ಇಲ್ಲದೆ ಅಲ್ಲ, ತಿನ್ನಲು ಹೆದರಿ.

ಸಾಹುಕಾರನಿಗೆ ಇದು ಅರ್ಥವಾಯಿತೇ? ಪೂರ್ತಿ ಆಗಲಿಲ್ಲ. ಪರರ ಕಷ್ಟ ಕಿವಿಯಿಂದ ಅರ್ಥವಾಗುವುದು ಕಡಿಮೆ. ಆದರೆ ಅವನು ಬೆಳಗಿನಿಂದ ಎರಡು ಎಳನೀರು ಕುಡಿದಿದ್ದ, ಮೇಲೆ ಒಂದು ಬಾಟಲಿ ಡ್ರಿಪ್ಪು ಇಳಿದಿತ್ತು. ಮೂರು ಗಂಟೆಯ ಹೊತ್ತಿಗೆ ಅರ್ಥವಾಗತೊಡಗಿತು.

ಮೊದಲು ತಡೆದುಕೊಂಡ. ಹತ್ತು ನಿಮಿಷ ಕಳೆಯಿತು. ಮತ್ತೂ ತಡೆದುಕೊಂಡ. ವಾರ್ಡಿಗೆ ಇದ್ದದ್ದು ಒಂದೇ ಬೆಡ್‌ಪ್ಯಾನು, ಅದು ಹೆಂಗಸರ ವಾರ್ಡಿಗೆ ಹೋಗಿ ಮೂರು ದಿನವಾಗಿತ್ತು. ಕೊನೆಗೆ ಊರಿಗೇ ದೊಡ್ಡ ಮನುಷ್ಯ, ಚಿಕ್ಕ ಮಗುವಿನ ಹಾಗೆ ಪಕ್ಕದ ಹಾಸಿಗೆಯತ್ತ ತಿರುಗಿ, "ಅಜ್ಜ... ಅರ್ಜೆಂಟು," ಎಂದ.

ಬೀರಲಿಂಗಯ್ಯ ಕೋಲು ತೆಗೆದುಕೊಂಡು ಎದ್ದ. ವಾರ್ಡಿನಲ್ಲಿ ಕೈಕಾಲು ಸರಿಯಿದ್ದ ಇಬ್ಬರನ್ನು ಎಬ್ಬಿಸಿದ. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಹೊಟ್ಟೆನೋವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಹುಕಾರನನ್ನು ಕೂರಿಸಿ ಇಬ್ಬರೂ ಎತ್ತಿಕೊಂಡರು. ಹಿತ್ತಲಿನಲ್ಲಿ ನೀರು ಬರುವುದಿಲ್ಲವೆಂದು ಮುದುಕ ಒಂದು ಚೊಂಬು ನೀರು ಹಿಡಿದು, ಕೋಲೂರಿಕೊಂಡು ಪಕ್ಕದಲ್ಲಿ ನಡೆದ. ಹೊರಟಿತು ಮೆರವಣಿಗೆ!

ವಾರ್ಡಿನಿಂದ ಹಿತ್ತಲಿಗೆ ಹೋಗುವ ಓಣಿಯ ಅರ್ಧಕ್ಕೆ ಬಂದಿದ್ದರು. ಎದುರಿನಿಂದ ರೈಸ್‌ಮಿಲ್ಲಿನ ಓಂಕಾರಪ್ಪ ಬಂದ. ಅವನ ಹಿಂದೆ ಇಪ್ಪತ್ತು ಜನ, ಬ್ಯಾನರು, ನಾಲ್ಕು ಗೊನೆ, ಬೆಳಗಿನ ಅದೇ ಫೋಟೋದವನು.

"ಓಹೋಹೋ! ಸಾವ್ಕಾರ್ರು ಎದುರುಗೊಳ್ಳೋಕೆ ಬಂದೇ ಬಿಟ್ರಲ್ಲ!" ಎಂದ ಓಂಕಾರಪ್ಪ.

"ದಾರಿ ಬಿಡು ಮಾರಾಯ," ಎಂದ ಸಾಹುಕಾರ.

"ಎಲ್ಲಾದ್ರೂ ಉಂಟೇ? ಮೊದಲ್ನೇ ಹಣ್ಣು ನಿಮಗೇ."

"ಓಂಕಾರಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ದಾರಿ ಬಿಡು."

"ಏನು ವಿನಯ ನೋಡ್ರಯ್ಯ!" ಎಂದು ಓಂಕಾರಪ್ಪ ಅವನ ಕೈಗೆ ಹಣ್ಣು ತುರುಕಿದ. ಹತ್ತು ಕೈ ಬಂದು ಹಣ್ಣು ಹಿಡಿದವು. ಓಣಿ ಕಿಕ್ಕಿರಿಯಿತು.

"ಸಾರ್, ಈ ಕಡೆ. ಸಾವ್ಕಾರ್ರೇ, ಸ್ವಲ್ಪ ನಗಿ," ಎಂದ ಫೋಟೋದವನು.

ಸಾಹುಕಾರ ನಗಲಿಲ್ಲ. ಆ ಕ್ಷಣ ಅವನಿಗೆ ಈ ಜನ್ಮದಲ್ಲಿ ಬೇಕಾಗಿದ್ದುದು ಒಂದೇ ಒಂದು, ಅದು ಇನ್ನೂ ಇಪ್ಪತ್ತು ಹೆಜ್ಜೆ ದೂರ, ಮೂರು ಮೆಟ್ಟಿಲು ಕೆಳಗೆ ಇತ್ತು. ಫ್ಲ್ಯಾಶ್ ಮಿಂಚಿತು. ತಡೆದುಕೊಳ್ಳಲು ಆಗಲಿಲ್ಲ. ರೇಷ್ಮೆ ಪಂಚೆ ಒದ್ದೆಯಾಗತೊಡಗಿತು. ಮೂವತ್ತು ವರ್ಷ ಕಷ್ಟಪಟ್ಟು ಕೂಡಿಟ್ಟ ಮಾನ, ಊರೇ ನೋಡುತ್ತಿರುವಾಗ, ಇನ್ನು ಎರಡು ಕ್ಷಣದಲ್ಲಿ ಕುರ್ಚಿಯಿಂದ ತೊಟ್ಟಿಕ್ಕುವುದರಲ್ಲಿತ್ತು. ಅವನು ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ ದಬಕ್ ಎಂದು ಒಂದು ಚೊಂಬು ತಣ್ಣೀರು ಅವನ ತೊಡೆಯ ಮೇಲೆ ಬಿತ್ತು.

"ಅಯ್ಯಯ್ಯೋ! ತಪ್ಪಾಯ್ತು ಸ್ವಾಮಿ, ತಪ್ಪಾಯ್ತು! ಕೈ ನಡುಗಿಬಿಡ್ತು!" ಎಂದು ಬೀರಲಿಂಗಯ್ಯ ಕೂಗಿಕೊಂಡ. ಕುರ್ಚಿ, ಪಂಚೆ, ನೆಲ ಎಲ್ಲ ನೀರು. ಎಲ್ಲರೂ ಹಿಂದೆ ಸರಿದರು. ಓಂಕಾರಪ್ಪ ರೇಗಿದ. "ಏ ಮುದಿಯಾ, ಕಣ್ಣು ಕಾಣಲ್ವಾ? ದೊಡ್ಡೋರ ಮೈಮೇಲೆ ನೀರು ಹಾಕ್ತೀಯಾ? ತಲೆ ಕೆಟ್ಟಿದ್ಯಾ?" ಹಿಂದಿದ್ದವರೂ ತಲೆಗೊಂದರಂತೆ ಬೈದರು. ಮುದುಕ ತಲೆ ತಗ್ಗಿಸಿ ಎಲ್ಲರಿಂದಲೂ ಬೈಸಿಕೊಂಡ.

ಸಾಹುಕಾರ ಕಣ್ಣು ತೆರೆದ. ಬೀರಲಿಂಗಯ್ಯನ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ.

ಆ ಮುದುಕ ಕೊಟ್ಟದ್ದು ಏನು? ಒಂದು ಚೊಂಬು ನೀರು. ಅದರ ಹಿಂದೆ ಬ್ಯಾನರ್ ಇತ್ತೇ? ಅದನ್ನು ದಾನ ಎಂದು ಯಾರಾದರೂ ಕರೆದರೇ? ಬದಲಿಗೆ ಕೊಟ್ಟವನಿಗೇ ಬೈಗುಳ ಬಿತ್ತು. ಆದರೆ ಹದಿನೈದು ವರ್ಷ ಗೊನೆಗೊನೆ ಹಂಚಿದವನು ಅಲ್ಲಿಯವರೆಗೆ ಯಾರಿಗೂ ಅಂಥದ್ದನ್ನು ಕೊಟ್ಟಿರಲಿಲ್ಲ. ಯಾಕೆ? ಮುದುಕ ಎದುರಿನವನ ಮುಖ ನೋಡಿದ್ದ. ಏನು ಬೇಕೆಂದು ತಿಳಿದುಕೊಂಡಿದ್ದ.

ಹಾಸಿಗೆಗೆ ವಾಪಸು ಬಂದ ಮೇಲೆ ಸಾಹುಕಾರ ಗೋಡೆಯ ಕಡೆ ತಿರುಗಿ ಅತ್ತ. ಕಾಲಿಗಾಗಿ ಅಲ್ಲ. ಸಂಜೆ ಇಂದುಬಾಯಿ ವಾರ್ಡಿಗೆ ಬಂದಾಗ ಅವರ ಕೈ ಹಿಡಿದುಕೊಂಡ.

"ಅಮ್ಮಾ, ಆ ಕಕ್ಕಸು ಪೂರ್ತಿ ನಾನೇ ಕಟ್ಟಿಸ್ತೀನಿ. ಹೆಸರು ಬೇಡ, ಏನೂ ಬೇಡ."

ಆ ತಾಯಿ ಏನು ಹೇಳಿದರು ಗೊತ್ತೇ? "ಆಗಲ್ಲ," ಎಂದರು!

"ಯಾಕಮ್ಮಾ?"

"ನೀವೊಬ್ರೇ ಕಟ್ಟಿಸಿದ್ರೆ ಹೆಸರು ಬರೆಯದಿದ್ರೂ ಅದು ನಿಮ್ಮದೇ ಆಗುತ್ತೆ. ಊರೋರು ನಾಳೆ ನಲ್ಲಿ ಕೆಟ್ರೆ ನಿಮ್ಮ ಮನೆ ಕಡೆ ಕೈ ತೋರಿಸ್ತಾರೆ. ಎಲ್ರದ್ದೂ ಇದ್ರೆ ಎಲ್ರೂ ನೋಡ್ಕೋತಾರೆ. ನಿಮ್ಮ ಪಾಲು ನಿಧಿಗೆ ಹಾಕಿ. ಆಮೇಲೆ ಒಂದು ಕೆಲಸ ಮಾಡಿ, ಹೋಗಿ ಮಿಕ್ಕೋರನ್ನೂ ಕೇಳಿ."

ಕೊಡುವುದು ಅವನಿಗೆ ಸುಲಭವಾಗಿತ್ತು. ಕೇಳುವುದು? ಅದನ್ನು ಅವನು ಹುಟ್ಟಿದಾರಭ್ಯ ಮಾಡಿರಲಿಲ್ಲ. ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಜೂನ್ ಒಂದರ ಹುಟ್ಟುಹಬ್ಬದವರ ಮನೆಮನೆಗೆ ಹೋದ. ಓಂಕಾರಪ್ಪ, "ಕಕ್ಕಸಿಗೆ ನನ್ನ ದುಡ್ಡಾ? ಥೂ!" ಎಂದ. ಸಾಹುಕಾರ ಜಗಳವಾಡಲಿಲ್ಲ. ಬಾಗಿಲು ಹಾಕಿಸಿ, ಅಂದು ಓಣಿಯಲ್ಲಿ ತನ್ನ ಪಂಚೆಗೆ ನಿಜವಾಗಿ ಆದದ್ದೇನು, ಮುದುಕ ಯಾಕೆ ನೀರು ಸುರಿದ ಎಂಬುದನ್ನು ತಾನೇ ಬಾಯಿಬಿಟ್ಟು ಹೇಳಿದ. ಮುದುಕ ಮುಚ್ಚಿಟ್ಟ ಮಾನವನ್ನು ಸಾಹುಕಾರ ತಾನಾಗಿ ಬಿಚ್ಚಿಟ್ಟ. ಓಂಕಾರಪ್ಪ ಎದ್ದು ಒಳಗೆ ಹೋಗಿ ತನ್ನ ಪಾಲು ತಂದುಕೊಟ್ಟ. ಮರುದಿನ ಬೀರಲಿಂಗಯ್ಯನ ಹಾಸಿಗೆಯ ಹತ್ತಿರ ಹೋಗಿ, ಬೈದದ್ದಕ್ಕೆ ಕೈಮುಗಿದು ಬಂದ.

ದೀಪಾವಳಿಗೆ ಮುಂಚೆ ಕೆಲಸ ಮುಗಿಯಿತು. ಉದ್ಘಾಟನೆ ಇರಲಿಲ್ಲ. ಅಂಥದ್ದಕ್ಕೆ ಉದ್ಘಾಟನೆ ಹೇಗೆ ಮಾಡುತ್ತಾರೆ, ನೀವೇ ಹೇಳಿ? ಆ ವಾರ್ಡಿನ ಜನ ಹೊಟ್ಟೆತುಂಬ ಉಣ್ಣತೊಡಗಿದರು, ಅಷ್ಟೇ.

ಇದು ಅವರ ಕಥೆ. ಈಗ ನಿಮ್ಮದು. ನಗುತ್ತಿದ್ದಿರಲ್ಲ, ಈಗ ನನ್ನ ಕಡೆ ನೋಡಿ. ಮನೆಯಲ್ಲಿ ಯಾರೂ ಉಡದ ಹಳೇ ಸೀರೆ ಕೊಟ್ಟು ಪುಣ್ಯ ಬಂತು ಅಂದುಕೊಳ್ಳುತ್ತೀರಿ. ಶಾಲೆಗೆ ಗಡಿಯಾರ ಕೊಡುತ್ತೀರಿ, ಅಲ್ಲಿ ಆಗಲೇ ಆರು ಗಡಿಯಾರ ಇರುತ್ತದೆ, ಕುಡಿಯುವ ನೀರು ಇರುವುದಿಲ್ಲ. ಕೊಡುವುದನ್ನು ನಿಲ್ಲಿಸಿ ಎನ್ನುತ್ತಿಲ್ಲ ನಾನು. ನಿಮಗೆ ತೋಚಿದ್ದನ್ನು ಕೊಡುವುದನ್ನು ನಿಲ್ಲಿಸಿ. ಒಬ್ಬೊಬ್ಬರೇ ಮೆರೆಯುವುದನ್ನು ನಿಲ್ಲಿಸಿ. ನಿಮ್ಮ ಊರಿನಲ್ಲಿ ಇಂಥ ನಿಧಿ ಇದ್ದರೆ ನಿಮ್ಮ ಪಾಲು ಸದ್ದಿಲ್ಲದೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಮನೆಗೆ ಹೋಗುವ ಮುಂಚೆ ಐದು ಜನ ಈ ಕಟ್ಟೆಯ ಮೇಲೇ ಕೂತು ಶುರುಮಾಡಿ.

ಆಮೇಲೆ ಹೋಗಿ ಕೇಳಿ, "ನಿಮಗೇನು ಬೇಕು?" ಎಂದು. ಅವರು, "ಏನೂ ಬೇಡ ಸ್ವಾಮಿ," ಎನ್ನುತ್ತಾರೆ. ಅದು ಉತ್ತರವಲ್ಲ, ಸಂಕೋಚ. ಅಷ್ಟಕ್ಕೇ ಎದ್ದು ಬರಬೇಡಿ. ಅವರ ಹತ್ತಿರವೇ ಕೂತುಕೊಳ್ಳಿ, ಫೋನು ಜೇಬಿಗೆ ಹಾಕಿ, ಅವರು ನಿಜ ಹೇಳುವವರೆಗೂ ಕೂತಿರಿ.